ಫಾದರ್ ಅವರ ಬೆತ್ತದ ಕುರ್ಚಿ

2012ರ ಅಕ್ಟೋಬರ್ 15ರಂದು ಕಲ್ಯಾಣಪುರದ ಮಿಲಾಗ್ರಿಸ್ ಚರ್ಚಿನ ವಠಾರದಲ್ಲಿ ನಮ್ಮ ಬ್ಯಾಚಿನ ಆರು ಮಂದಿ ಒಟ್ಟಿಗೆ ನಿಂತಿದ್ದೆವು. ಮೂವರು ಕ್ರೈಸ್ತರು, ಮೂವರು ಅಲ್ಲ. ಅಂದು ಉಡುಪಿ ಧರ್ಮಪ್ರಾಂತ್ಯದ, ಅಂದರೆ ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಚರ್ಚುಗಳ ಪ್ರದೇಶದ, ಉದ್ಘಾಟನೆ. ಶಿವಮೊಗ್ಗದಲ್ಲಿ 2000ದಿಂದ ಬಿಷಪರಾಗಿದ್ದ ಜೆರಾಲ್ಡ್ ಐಸಾಕ್ ಲೋಬೊ ಅವರು ನಮ್ಮ ನಾಡಿನ ಮೊದಲ ಧರ್ಮಾಧ್ಯಕ್ಷರಾಗಿ ಪೀಠವೇರಿದ ದಿನ. ಶತಮಾನಕ್ಕೂ ಮಿಕ್ಕಿ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದ ಉಡುಪಿ, ಕಾರ್ಕಳ, ಕುಂದಾಪುರ ತಾಲೂಕುಗಳ ಚರ್ಚುಗಳು ಜುಲೈ 16ರ ಪೋಪ್ ಹದಿನಾರನೆಯ ಬೆನೆಡಿಕ್ಟರ ಘೋಷಣೆಯಿಂದ ಬೇರೆಯಾಗಿದ್ದವು. 1570ರಷ್ಟು ಹಳೆಯದಾದ ಕುಂದಾಪುರದ ರೋಜರಿ ಚರ್ಚ್, ನನ್ನ ತಾಯಿ ಪ್ರತಿ ಜನವರಿ ತಪ್ಪದೆ ಮೊಂಬತ್ತಿ ಹಚ್ಚಿ ಬರುತ್ತಿದ್ದ ಕಾರ್ಕಳದ ಅತ್ತೂರು, ಎಲ್ಲವೂ ಇನ್ನು ಕಲ್ಯಾಣಪುರದ ಕಡೆಗೆ ಮುಖ ಮಾಡಿದವು.

ಬಿಷಪರು ಪೀಠದಲ್ಲಿ ಕುಳಿತ ಗಳಿಗೆಯಲ್ಲಿ ಚಪ್ಪಾಳೆ ಮೊಳಗಿತು. ನನ್ನ ಪಕ್ಕದಲ್ಲಿದ್ದ, ಹೊಳೆಯ ನಡುವಿನ ನಡುಗಡ್ಡೆಯಾದ ಕುದ್ರುವಿನ ಗೆಳೆಯ ನನ್ನ ಮೊಣಕೈ ಹಿಡಿದು, "ಕುರ್ಚಿ" ಎಂದ. ಅಷ್ಟೇ ಸಾಕಾಯಿತು. ನಮ್ಮಿಬ್ಬರ ಕಣ್ಣೂ ತುಂಬಿತ್ತು. ನಮ್ಮ ಹೆಡ್‌ಮಾಸ್ಟರ್ ಫಾದರ್ ತೀರಿಕೊಂಡು ಆಗಿನ್ನೂ ಏಳು ತಿಂಗಳು.

ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರನ್ನು ಯಾವ ಕಲ್ಲಿನ ಮೇಲೂ ಕೆತ್ತಿಸಬಾರದೆಂದು ಹೇಳಿಹೋದವರು ಅವರು. ಸ್ವರ್ಣಾ ನದಿಯ ದಂಡೆಯ ನಮ್ಮ ಶಾಲೆಯಲ್ಲಿ ಎಪ್ಪತ್ತರ ದಶಕದಲ್ಲಿ ಓದಿದವರಿಗೆ ಹೆಸರು ಬೇಕಾಗಿಯೂ ಇಲ್ಲ. ಬಿಳಿ ನಿಲುವಂಗಿಯ ಅಂಚಿಗೆ ಸದಾ ಕೆಸರು, ಕೈಯಲ್ಲಿ ಬಾಗಿದ ಮರದ ಹಿಡಿಯ ದೊಡ್ಡ ಕಪ್ಪು ಕೊಡೆ. ಹಂಚು ಜಾರಿದರೆ ತಾವೇ ಏಣಿ ಹಾಕಿ ಮಾಡಿಗೆ ಹತ್ತುತ್ತಿದ್ದರು. ಅವರು ನಮಗೆ ಕಲಿಸಿದ ಬೀಜಗಣಿತದಲ್ಲಿ ಒಂದು ಸೂತ್ರವೂ ನನ್ನಲ್ಲಿ ಉಳಿದಿಲ್ಲ. ಉಳಿದದ್ದು ಒಂದು ಶನಿವಾರದ ಮಧ್ಯಾಹ್ನ.

ನಾನಾಗ ಒಂಬತ್ತನೆಯ ತರಗತಿ. ಕ್ರೈಸ್ತ ಮಕ್ಕಳಿಗೆ ನಂಬಿಕೆಯನ್ನು ಗಟ್ಟಿಗೊಳಿಸುವ ದೃಢೀಕರಣ ಸಂಸ್ಕಾರ ಕೊಡಲು ಮಂಗಳೂರಿನ ಬಿಷಪರು ಬರುವವರಿದ್ದರು. ಶಾಲೆಗೂ ಭೇಟಿ ಕೊಡುತ್ತಾರೆಂದು ವಾರವಿಡೀ ಸಡಗರ. ಅಡಿಕೆ ಮರ ಸೀಳಿ ಚಪ್ಪರ ಹಾಕಿದೆವು, ಅಂಗಳಕ್ಕೆ ಸೆಗಣಿ ಸಾರಿಸಿದೆವು. ಕನ್ನಡ ಪಂಡಿತರು ಮೂರು ರಾತ್ರಿ ಕುಳಿತು ಬಿನ್ನವತ್ತಳೆ ಬರೆದರು. ಪಂಡಿತರು ಮಾಧ್ವ ಬ್ರಾಹ್ಮಣರು, ಬೆಳಗಿನ ಪೂಜೆ ಮುಗಿಸದೆ ನೀರೂ ಮುಟ್ಟದವರು. ಕ್ರೈಸ್ತ ಗುರುವೊಬ್ಬರನ್ನು ಕನ್ನಡದಲ್ಲಿ ಹೇಗೆ ಹೊಗಳಬೇಕೆಂದು ಫಾದರ್ ಅವರ ಜೊತೆ ಒಂದೊಂದು ಪದಕ್ಕೂ ಚರ್ಚಿಸುತ್ತಿದ್ದರು. 'ಕುರಿಗಾಹಿ' ಎಂಬ ಮಾತು ಗೌರವಕ್ಕೆ ಸಾಲದೆಂದು ಪಂಡಿತರು, ಅದಕ್ಕಿಂತ ದೊಡ್ಡ ಮಾತೇ ಇಲ್ಲವೆಂದು ಫಾದರ್. ಕೊನೆಗೆ ಕುರಿಗಾಹಿಯೇ ಉಳಿದ. ಆ ಇಬ್ಬರು ಒಂದು ಶಬ್ದಕ್ಕಾಗಿ ಅರ್ಧ ಗಂಟೆ ವಾದಿಸಿದ್ದನ್ನು ಕೇಳಿಯೇ ನನಗೆ ಕನ್ನಡದ ಮೇಲೆ ಪ್ರೀತಿ ಹುಟ್ಟಿದ್ದು.

ಆ ಶನಿವಾರ ಫಾದರ್ ಪೇಟೆಗೆ ಹೋಗಿದ್ದಾರೆಂದು ತಿಳಿದು ನಾವು ಹತ್ತು ಹನ್ನೆರಡು ಹುಡುಗರು ಅವರ ಕೋಣೆಗೆ ನುಗ್ಗಿದೆವು. ಡ್ರಾಯಿಂಗ್ ಹಾಳೆಗೆ ಗೋಂದು ಹಚ್ಚಿ ಬಿಷಪರ ಎತ್ತರದ ಟೊಪ್ಪಿ ಮಾಡಿದ್ದೆವು. ಕಿಟಕಿಯ ಪರದೆಯ ಹಿತ್ತಾಳೆ ಬಳೆ ಉಂಗುರವಾಯಿತು, ಅಂದು ಅವರು ಬಿಟ್ಟುಹೋಗಿದ್ದ ಕೊಡೆ ದಂಡವಾಯಿತು. ಅವರ ಬೆತ್ತದ ಕುರ್ಚಿಯಲ್ಲಿ ನಾನು ಕುಳಿತೆ. ಒಬ್ಬೊಬ್ಬರೇ ಮೊಣಕಾಲೂರಿ ಉಂಗುರಕ್ಕೆ ಮುತ್ತಿಡುತ್ತಿದ್ದರು, ನಾನು ಗಂಭೀರವಾಗಿ ಆಶೀರ್ವದಿಸುತ್ತಿದ್ದೆ. ಕುದ್ರುವಿನ ಗೆಳೆಯ ಎದ್ದು ನಿಂತಾಗ ಅವನ ಹಿಂದೆ ಬಾಗಿಲಲ್ಲಿ ಫಾದರ್ ಇದ್ದರು.

ನಾನು ಏಳಲು ಹೋದೆ. "ಕುಳಿತುಕೋ" ಎಂದರು. ಅವರು ಗದರಲಿಲ್ಲ. ಕೊಡೆಯ ಬಾಗಿದ ಹಿಡಿಯನ್ನು ತೋರಿಸಿ, ದಂಡದ ತುದಿ ಬಾಗಿರುವುದು ಹೊಡೆಯುವುದಕ್ಕಲ್ಲ, ದಾರಿ ತಪ್ಪಿದ ಕುರಿಯನ್ನು ಎಳೆದುಕೊಳ್ಳುವುದಕ್ಕೆ ಎಂದರು. ಉಂಗುರ ಬಿಷಪರಿಗೂ ಅವರ ಜನರಿಗೂ ಆದ ಮದುವೆಯ ಗುರುತು ಎಂದರು. ಲ್ಯಾಟಿನ್ ಭಾಷೆಯಲ್ಲಿ ಕುರ್ಚಿಗೆ 'ಕಥೆದ್ರಾ' ಎನ್ನುತ್ತಾರೆ, ಬಿಷಪರ ಕುರ್ಚಿ ಇರುವ ಚರ್ಚೇ ಕೆಥೆಡ್ರಲ್, ಆ ಕುರ್ಚಿಯನ್ನು ತೆಗೆದರೆ ಅದೂ ಎಲ್ಲ ಚರ್ಚುಗಳ ಹಾಗೆ ಒಂದು ಚರ್ಚು ಎಂದರು. ಬಳಿಕ ಮೇಜಿನ ಮೇಲಿಂದ ಕಾಗದ, ಪೆನ್ಸಿಲ್ ತೆಗೆದು ನನ್ನ ಕೈಗಿತ್ತರು.

"ಕುಳಿತವನು ಮೊದಲು ಕೇಳಿಸಿಕೊಳ್ಳಬೇಕು. ಇವರಿಗೆ ಈ ಶಾಲೆಯಲ್ಲಿ ಏನೇನು ಕಷ್ಟವಿದೆ, ಒಬ್ಬೊಬ್ಬರಿಂದ ಕೇಳಿ ಬರೆ."

ಒಂದು ಗಂಟೆ ಹಿಡಿಯಿತು. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಮೇಲೆ ಮಾಡು ಸೋರುವುದು ಬಂತು, ಬಾವಿಯ ಹಗ್ಗ ಸವೆದದ್ದು ಬಂತು. ಕೊನೆಯಲ್ಲಿ ಕುದ್ರುವಿನ ಗೆಳೆಯ ನೆಲ ನೋಡುತ್ತ ಹೇಳಿದ: ಹೊಳೆ ಏರಿದಾಗ ದೋಣಿ ತಡವಾಗುತ್ತದೆ, ತಡವಾಗಿ ಬಂದವರನ್ನು ಜಗಲಿಯಲ್ಲಿ ನಿಲ್ಲಿಸುತ್ತಾರೆ, ಒದ್ದೆ ಬಟ್ಟೆಯಲ್ಲಿ ನಿಂತು ತನ್ನ ತಮ್ಮನಿಗೆ ಮಳೆಗಾಲದ ಆಟಿ ತಿಂಗಳಿಡೀ ಜ್ವರ. ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕುಳಿತಿದ್ದರೂ ಈ ಸಂಗತಿ ನನಗೆ ತಿಳಿದಿರಲಿಲ್ಲ. ಫಾದರ್ ಅವರಿಗೂ ತಿಳಿದಿರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ಮುಂದಿನ ಜೂನ್‌ನಿಂದ ಮಳೆಗಾಲದಲ್ಲಿ ಮೊದಲ ಗಂಟೆ ಹೊಡೆಯುವುದು ದೋಣಿ ದಡ ಮುಟ್ಟಿದ ಮೇಲೆ ಎಂದಾಯಿತು. ಕಡವಿನ ಕಡೆಗೆ ಕಣ್ಣಿಟ್ಟು ಫಾದರ್ ತಾವೇ ಗಂಟೆಯ ಬಳಿ ಕೊಡೆ ಹಿಡಿದು ನಿಂತಿರುತ್ತಿದ್ದರು.

ಇಂದಿನ ಶಾಲೆಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕಟ್ಟಡಗಳು ಚೆನ್ನಾಗಿವೆ, ಫಲಿತಾಂಶವೂ ಚೆನ್ನಾಗಿದೆ. ಆದರೆ ನನ್ನ ಮೊಮ್ಮಗ ಮಾಡಿದ ಸಣ್ಣ ತುಂಟತನ ಕ್ಯಾಮೆರಾದಲ್ಲಿ ಸಿಕ್ಕಿ, ಅದರ ಸುದ್ದಿ ಅವನ ತಂದೆಯ ಮೊಬೈಲಿಗೆ ಬಂತು. ಅದಕ್ಕೂ ಮೊದಲು ಆ ಹುಡುಗನನ್ನು ಯಾರೂ ಏನೂ ಕೇಳಿರಲಿಲ್ಲ. ಅದು ನನಗೆ ನೋವು ತಂದಿತು. ಅತಿಥಿಗಳು ಬಂದರೆ ಈಗ ಫ್ಲೆಕ್ಸ್ ಬರುತ್ತದೆ. ಬಿನ್ನವತ್ತಳೆಯ ಒಂದು ಪದಕ್ಕಾಗಿ ಇಬ್ಬರು ಮೇಷ್ಟ್ರುಗಳು ಜಗಳವಾಡುವುದನ್ನು ಮಕ್ಕಳು ಎಲ್ಲಿ ಕೇಳಬೇಕು?

ನಾನು ಬ್ಯಾಂಕ್ ಸೇರಿ ಮೂರು ಶಾಖೆಗಳಿಗೆ ಮ್ಯಾನೇಜರ್ ಆದೆ. ಒಂದು ಶಾಖೆಗೆ ನನ್ನ ಅವಧಿಯಲ್ಲಿ ವಲಯದ ಅತ್ಯುತ್ತಮ ಶಾಖೆಯೆಂಬ ಫಲಕ ಬಂತು, ಅದನ್ನು ಇಲ್ಲಿ ಹೇಳಲು ನನಗೆ ಹೆಮ್ಮೆಯಿದೆ. ಮೊದಲ ಬಡ್ತಿಯ ಸುದ್ದಿ ತಿಳಿಸಿ ಫಾದರ್ ಅವರಿಗೆ ಪತ್ರ ಬರೆದಾಗ ಒಂದು ಕಾರ್ಡು ಬಂದಿತ್ತು. ಅಭಿನಂದನೆಯ ಕೆಳಗೆ ಒಂದೇ ಪ್ರಶ್ನೆ: "ನಿನ್ನ ಮೇಜಿನ ಎದುರು ಎಷ್ಟು ಕುರ್ಚಿಗಳಿವೆ?" ಹೋಗಿ ನೋಡಿದೆ. ಒಂದೂ ಇರಲಿಲ್ಲ. ಸಾಲ ಕೇಳಲು ಬಂದ ಬೇಸಾಯಗಾರರು ನಿಂತೇ ಮಾತನಾಡುತ್ತಿದ್ದರು. ಅಂದೇ ಮೂರು ತರಿಸಿದೆ.

ಪೀಠಾರೋಹಣದ ಬಲಿಪೂಜೆ (ಮಾಸ್) ಮುಗಿದ ಮೇಲೆ ಜನಜಂಗುಳಿಯಲ್ಲಿ ಹೊಸ ಬಿಷಪರ ಹತ್ತಿರ ಹೋಗಲು ನಮಗೆ ಆಗಲಿಲ್ಲ. ಸಂತೆಕಟ್ಟೆಯಲ್ಲಿ ಚಹಾ ಕುಡಿದು ಆರು ಮಂದಿಯೂ ಶಾಲೆಗೆ ಬಂದೆವು. ಬೆತ್ತದ ಕುರ್ಚಿ ಉಗ್ರಾಣದಲ್ಲಿ ಮುರಿದ ಬೆಂಚುಗಳ ಅಡಿಯಲ್ಲಿತ್ತು. ಆಸನದ ಹೆಣಿಗೆ ಹರಿದಿತ್ತು, ಕಾಲುಗಳು ಗಟ್ಟಿಯಾಗಿದ್ದವು. ಕುದ್ರುವಿನ ಗೆಳೆಯ ಅದನ್ನು ಹೆಗಲ ಮೇಲೆ ಹೊತ್ತು ಜಗಲಿಗೆ ತಂದು ತನ್ನ ಪಂಚೆಯಿಂದ ಧೂಳು ಒರೆಸಿದ. ಬೆತ್ತ ಹೆಣೆಯಬಲ್ಲ ಹಿರಿಯರೊಬ್ಬರು ಬ್ರಹ್ಮಾವರದ ಕಡೆ ಸಿಕ್ಕಿದ್ದಾರೆ. ಮುಂದಿನ ತಿಂಗಳು ಕುರ್ಚಿ ಶಾಲೆಗೆ ಮರಳುತ್ತದೆ. ಎಲ್ಲಿಡೋಣವೆಂದು ಈಗಿನ ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ಮೇಜಿನ ಈಚೆ ಬದಿಯನ್ನು ತೋರಿಸಿದರು, ಮಕ್ಕಳು ಬಂದು ನಿಲ್ಲುವ ಜಾಗವನ್ನು.