ಕುಸ್ಕೊ ನೋಡುವುದಾದರೆ ಮೇಲಿನಿಂದ ಕೆಳಕ್ಕೆ

ಬಳ್ಳಾರಿಯಿಂದ ಪೆರುವಿಗೆ ಹೋದ ಗೆಳೆಯರ ಗುಂಪಿನ ಕೈಯಲ್ಲಿ, ಸ್ಪೇನಿನವರು ಬರುವ ಮೊದಲು ಅಲ್ಲಿ ಆಳಿದ ಇಂಕಾಗಳ ರಾಜಧಾನಿಯಾಗಿದ್ದ ಕುಸ್ಕೊಗೆಂದು ಒಂದು ಶನಿವಾರ, ಒಂದು ಭಾನುವಾರ ಅಷ್ಟೇ ಇದೆ ಎಂದಿಟ್ಟುಕೊಳ್ಳಿ. ಆಗ ಏನೇನು ನೋಡಬೇಕು ಎನ್ನುವುದಕ್ಕಿಂತ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದೇ ಮುಖ್ಯ. ನಮ್ಮ ಬಳ್ಳಾರಿ ಸಮುದ್ರಮಟ್ಟದಿಂದ 500 ಮೀಟರಿನೊಳಗೆ ಇದೆ. ಮುಳ್ಳಯ್ಯನಗಿರಿಯ ನೆತ್ತಿಯೇ 1,930 ಮೀಟರ್. ಕುಸ್ಕೊ ಸುಮಾರು 3,400. ಕಡಲಂಚಿನ ಲಿಮಾದಿಂದ ವಿಮಾನ ಒಂದೂಕಾಲು ತಾಸಿನಲ್ಲಿ ಅಷ್ಟೆತ್ತರಕ್ಕೆ ತಂದು ಇಳಿಸುತ್ತದೆ. ಅಲ್ಲಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಕಡಲಂಚಿನಲ್ಲಿ ಸಿಗುವುದರ ಮೂರನೇ ಎರಡು ಪಾಲು.

ಇಳಿದ ಕೂಡಲೇ ಏನೂ ಅನ್ನಿಸುವುದಿಲ್ಲ, ಮೋಸ ಇರುವುದೇ ಅಲ್ಲಿ. ತಲೆನೋವು, ವಾಕರಿಕೆ, ನಿದ್ದೆಗೇಡು ಶುರುವಾಗುವುದು ಸಾಮಾನ್ಯವಾಗಿ ಆರರಿಂದ ಹನ್ನೆರಡು ತಾಸಿನ ಮೇಲೆ. ಹುರುಪಿನಲ್ಲಿ ಶನಿವಾರವೇ ಬೆಟ್ಟ ಹತ್ತಿದರೆ ಭಾನುವಾರ ಹೋಟೆಲಿನಲ್ಲೇ ಕಳೆದೀತು. ಎತ್ತರದ ಈ ತೊಂದರೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದಲೇ ಶುರುಮಾಡುತ್ತಾರೆ. ಸಲ್ಫಾ ಗುಂಪಿನ ಔಷಧ ಒಗ್ಗದವರಿಗೆ ಇದು ಅಪಾಯವಾಗಬಹುದು, ಊರು ಬಿಡುವ ಮೊದಲೇ ವೈದ್ಯರನ್ನು ಕೇಳಿ. ಗುಂಪಿನಲ್ಲಿ ಯಾರಿಗಾದರೂ ನಡಿಗೆ ತೂರಾಡಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಒಯ್ಯಿರಿ, ಕಡಿಮೆ ಎತ್ತರದ ಊರಿಗೆ ಇಳಿಸಿರಿ.

ಹೀಗಾಗಿ ಶನಿವಾರ ಊರ ನಡುವಿನ ಸಮತಟ್ಟು ಜಾಗ ಸಾಕು. ಕೊರಿಕಾಂಚಾಕ್ಕೆ ಪೂರಾ ಎರಡು ತಾಸು ಕೊಡಿ. ಇಂಕಾಗಳ ಸೂರ್ಯ ದೇಗುಲದ ಗೋಡೆಗಳ ಮೇಲೆಯೇ ಸ್ಪೇನಿನವರು ಸಾಂತೊ ದೊಮಿಂಗೊ ಚರ್ಚು, ಮಠ ಕಟ್ಟಿದರು. 1950ರ ಮೇ 21ರ ಭೂಕಂಪಕ್ಕೆ ಮೇಲಿನ ಕಟ್ಟಡ ಬಹಳಷ್ಟು ಕುಸಿಯಿತು, ಅಡಿಯ ಇಂಕಾ ಗೋಡೆ ನಿಂತಿತು. ಏಕೆಂದು ಅಲ್ಲಿ ನಿಂತರೆ ಕಣ್ಣಿಗೇ ಕಾಣುತ್ತದೆ. ಗೋಡೆ ಮೇಲೇರಿದಂತೆ ಒಳಕ್ಕೆ ವಾಲಿದೆ. ಬಾಗಿಲು, ಗೂಡುಗಳು ಬುಡದಲ್ಲಿ ಅಗಲ, ತಲೆಯಲ್ಲಿ ಕಿರಿದು. ಸಂದಿಯಲ್ಲಿ ಗಾರೆಯಿಲ್ಲ, ನೆಲ ನಡುಗಿದಾಗ ಕಲ್ಲು ಕೊಂಚ ಅಲುಗಾಡಿ ತನ್ನ ಜಾಗಕ್ಕೇ ಕೂರುತ್ತದೆ. ಹಂಪಿಯ ಕೋಟೆಗೋಡೆ ನೋಡಿದವರಿಗೆ ಗಾರೆಯಿಲ್ಲದ ಕಟ್ಟಡ ಹೊಸತಲ್ಲ. ಆದರೆ ಹಂಪಿಯ ಬಂಡೆಗಳಲ್ಲಿ ಸಾಲಾಗಿ ಕಾಣುವ, ಬೆಣೆ ಬಡಿದು ಕಲ್ಲು ಸೀಳಲು ಕೊರೆದ ಗುಳಿಗಳು ಈ ಗೋಡೆಗಳಲ್ಲಿಲ್ಲ. ಇಂಕಾಗಳ ಬಳಿ ಕಬ್ಬಿಣದ ಉಳಿ ಇರಲಿಲ್ಲ. ಗಟ್ಟಿ ಗುಂಡುಕಲ್ಲಿನಿಂದ ಬಡಿದು ಬಡಿದು ಕಲ್ಲಿಗೆ ಕಲ್ಲು ಕೂಡಿಸಿದರು. ಹಾತುನ್ ರುಮಿಯೋಕ್ ಓಣಿಯ ಹನ್ನೆರಡು ಮೂಲೆಯ ಕಲ್ಲೂ ಹಾಗೆ ಆದದ್ದೇ. ಅದನ್ನು ಮುಟ್ಟುವಂತಿಲ್ಲ.

ಭಾನುವಾರ ಬೆಳಗ್ಗೆ ಟ್ಯಾಕ್ಸಿಯಲ್ಲಿ ನೇರ ಊರ ಮೇಲಿನ ಬೆಟ್ಟದ ಇಂಕಾ ತಾಣ ತಾಂಬೊಮಾಚಾಯ್‌ಗೆ ಹೋಗಿ, ಅದು 3,700 ಮೀಟರ್ ಎತ್ತರದ ಆಸುಪಾಸಿನಲ್ಲಿದೆ. ಅಲ್ಲಿಂದ ಇನ್ನು ಮೂರು ಇಂಕಾ ತಾಣಗಳಾದ ಪುಕಾ ಪುಕಾರಾ, ಕೆಂಕೊ, ಸಾಕ್ಸಾಯ್‌ವಾಮಾನ್ ದಾಟಿ ಊರಿಗೆ ಸುಮಾರು 8 ಕಿಲೋಮೀಟರ್, ಬಹುಪಾಲು ಇಳಿಜಾರು. ಇದನ್ನೇ ಕೆಳಗಿನಿಂದ ಶುರುಮಾಡಿದರೆ ಸಾಕ್ಸಾಯ್‌ವಾಮಾನ್ ಮೆಟ್ಟಿಲಿನಲ್ಲೇ ಅರ್ಧ ಗುಂಪು ಕೂತುಬಿಡುತ್ತದೆ. ಈ ನಾಲ್ಕೂ ಜಾಗಕ್ಕೆ, ಎಲ್ಲ ತಾಣಗಳ ಒಟ್ಟು ಪ್ರವಾಸಿ ಟಿಕೆಟ್ ಬೇಡ, ಒಂದು ದಿನದ ಭಾಗಶಃ ಟಿಕೆಟ್ ಸಾಕು. ಕೊರಿಕಾಂಚಾ, ಕೆಥೆಡ್ರಲ್ ಅದರಲ್ಲಿ ಸೇರಿಲ್ಲ. ಸಾಕ್ಸಾಯ್‌ವಾಮಾನ್‌ನ ಅಂಕುಡೊಂಕು ಗೋಡೆಯಲ್ಲಿ 100 ಟನ್ ಮೀರಿದ ಸುಣ್ಣಕಲ್ಲುಗಳಿವೆ, ಹೆಚ್ಚು ಹೊತ್ತು ಅಲ್ಲಿಗೇ ಇಟ್ಟುಕೊಳ್ಳಿ. ಗಾಳಿ ತಣ್ಣಗಿದ್ದರೂ ಬಿಸಿಲು ಚರ್ಮ ಸುಡುತ್ತದೆ. ಜೂನ್, ಜುಲೈ ರಾತ್ರಿಯಲ್ಲಿ ಚಳಿ ಸೊನ್ನೆಯ ಹತ್ತಿರ ಇಳಿಯುತ್ತದೆ, ನಮ್ಮೂರಿನ ಸ್ವೆಟರ್ ಒಂದೇ ಸಾಲದು.

ಸಸ್ಯಾಹಾರಿಗಳು ಬರೀ 'ಸಿನ್ ಕಾರ್ನೆ' (ಸ್ಪ್ಯಾನಿಷ್‌ನಲ್ಲಿ 'ಮಾಂಸ ಬೇಡ') ಎಂದರೆ ಕೋಳಿ ಬಂದೀತು. 'ಸಿನ್ ಪೊಯೊ' (ಕೋಳಿ ಬೇಡ) ಎಂದೂ ಸೇರಿಸಿ, ಸೂಪಿನ ನೀರು ಕೋಳಿ ಬೇಯಿಸಿದ್ದೇ ಎಂದು ಕೇಳಿ. ಅಲ್ಲಿ ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯುವುದು ಕಷ್ಟ. ಮೊದಲ ರಾತ್ರಿ ಹೊಟ್ಟೆ ತುಂಬ ಉಣ್ಣಬೇಡಿ, ಮದ್ಯ ಬೇಡವೇ ಬೇಡ.

ಹೋಟೆಲುಗಳಲ್ಲಿ ಕೊಡುವ ಕೋಕಾ ಎಲೆಯ ಚಹಾ ಅಲ್ಲಿ ಕಾನೂನುಬದ್ಧ. ಎಲೆಯನ್ನು ಮಾತ್ರ ಬ್ಯಾಗಿಗೆ ಹಾಕಿಕೊಳ್ಳಬೇಡಿ, ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ಅದು ಅಪರಾಧ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲೇ, ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಹಾಕಿಸಿ, ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗಿಡಿ. ಅದಿಲ್ಲದೆ ಪೆರುವಿನಿಂದ ಬಂದವರನ್ನು ಇಲ್ಲಿನ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.