ನೂರಿಪ್ಪತ್ತು ಮುಂಗಾರು, ಸಾವಿರಾರು ಕಾಲಂ

ಬೆಳೆವಿಮೆಯ ಲೆಕ್ಕ ನನ್ನ ಹೊಟ್ಟೆಪಾಡು. ಪುಣೆಯ ಬಾಣೇರ್‌ನಲ್ಲಿ ಕೂತು ವಿಜಯಪುರ, ಕಲಬುರಗಿ, ಸೊಲ್ಲಾಪುರದ ಹೊಲಗಳಿಗೆ ಮಳೆ ಕೈಕೊಡುವ ಸಂಭವ ಎಷ್ಟೆಂದು ಅಂದಾಜು ಮಾಡುತ್ತೇನೆ. ಇದರ ಇಕ್ಕಟ್ಟೇನೆಂದರೆ ಪಟ್ಟಿಯಲ್ಲಿ ಸಾಲುಗಳು (ವರ್ಷಕ್ಕೊಂದು) ಕಡಿಮೆ, ಕಾಲಂಗಳು (ಮಳೆಯ ಸುಳಿವು ಕೊಡಬಹುದಾದ ಅಳತೆಗಳು) ವಿಪರೀತ. ದೇಶವನ್ನು ಚೌಕಗಳಾಗಿ ಹಂಚಿ ಹವಾಮಾನ ಇಲಾಖೆ ಇಟ್ಟ ಗ್ರಿಡ್ ಮಳೆಲೆಕ್ಕ 1901ರಿಂದ ಸಿಗುತ್ತದೆ. ಅಂದರೆ ನೂರಿಪ್ಪತ್ತು ಚಿಲ್ಲರೆ ಮುಂಗಾರು, ಅಷ್ಟೇ. ಎಂಥ ಕಂಪ್ಯೂಟರ್ ತಂದರೂ ವರ್ಷಕ್ಕೆ ಇನ್ನೊಂದು ಮುಂಗಾರು ಹುಟ್ಟುವುದಿಲ್ಲ. ಕಾಲಂಗಳಿಗೆ ಮಾತ್ರ ಬರವಿಲ್ಲ: ಸಮುದ್ರದ ಪ್ರತಿ ಚೌಕದ ಉಷ್ಣತೆ, ಗಾಳಿಯೊತ್ತಡ, ಹಿಮಾಲಯದ ಹಿಮ, ಅದೂ ತಿಂಗಳು ತಿಂಗಳಿಗೆ.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲು ಮಾಡಿಸುವ ಪ್ರಯೋಗ ಇದು. 30 ವರ್ಷದ ಮಳೆ ತೆಗೆದುಕೊಳ್ಳಿ. ಪಕ್ಕದಲ್ಲಿ ಅರ್ಥವೇ ಇಲ್ಲದ, ಕಂಪ್ಯೂಟರ್ ಉದುರಿಸಿದ 200 ಕಾಲಂ ಇಡಿ. ಮಳೆಯೊಂದಿಗೆ ಒಂದೊಂದರ ಸಹಸಂಬಂಧ ನೋಡಿ, ಅಂದರೆ ಎರಡೂ ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ (ನಂಟಿಲ್ಲದಿದ್ದರೆ 0, ಪೂರ್ತಿ ಇದ್ದರೆ 1). ನಂಟೇ ಇಲ್ಲದಿದ್ದರೂ ನೂರಕ್ಕೆ ಐದು ಸಲ ಆಕಸ್ಮಿಕವಾಗಿ ದಾಟಬಹುದಾದ ಶೇ. 5ರ ಮಟ್ಟದಲ್ಲಿ ಸುಮಾರು ಹತ್ತು ಕಾಲಂ 'ಮಹತ್ವದ್ದು' ಎಂದು ಎದ್ದು ನಿಲ್ಲುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಜೋರಾದದ್ದು 0.5ರ ಆಸುಪಾಸಿಗೆ ಮುಟ್ಟುತ್ತದೆ. ಗ್ರಾಫ್ ಬಿಡಿಸಿದರೆ ಯಾರಾದರೂ ನಂಬಬೇಕು, ಹಾಗಿರುತ್ತದೆ.

ಇದನ್ನು ಬಹಳ ಹಿಂದೆಯೇ ಕಂಡವರು ಗಿಲ್ಬರ್ಟ್ ವಾಕರ್. ಕೇಂಬ್ರಿಜ್‌ನ ಗಣಿತಜ್ಞ, 1904ರಿಂದ 1924ರವರೆಗೆ ನಮ್ಮ ಹವಾಮಾನ ಇಲಾಖೆಯ ಮುಖ್ಯಸ್ಥ. ನೂರಾರು ಸಂಬಂಧಗಳಿಂದ ಬಲವಾದದ್ದೊಂದನ್ನು ಆರಿಸಿ ತೆಗೆದರೆ, ಬರೀ ಆಕಸ್ಮಿಕದಿಂದಲೇ ಅದು ಎಷ್ಟು ದೊಡ್ಡದಿರಬಹುದು ಎಂಬ ಪ್ರಶ್ನೆಯನ್ನು ಅವರು 1914ರ ಪ್ರಬಂಧದಲ್ಲಿ ಎತ್ತಿದ್ದರು. ಆಗ ಇಲಾಖೆ ಸಿಮ್ಲಾದಲ್ಲಿತ್ತು. 1928ರಲ್ಲಿ ಪುಣೆಗೆ ಬಂತು. ಶಿವಾಜಿನಗರದ ಆ ಕಟ್ಟಡಕ್ಕೆ ಇವತ್ತಿಗೂ ಸಿಮ್ಲಾ ಆಫೀಸ್ ಎಂದೇ ಹೆಸರು. ಬಸ್ಸಿನಲ್ಲಿ ಅದರ ಮುಂದೆ ಹಾಯುವಾಗೆಲ್ಲ ನನಗೆ ವಾಕರರ ಬಗ್ಗೆ ಗೌರವ ಉಕ್ಕುತ್ತದೆ.

ಅಷ್ಟಿದ್ದೂ 2002 ಬಂತು. 1988ರಿಂದ ಬಳಕೆಯಲ್ಲಿದ್ದ 16 ಸೂಚಕಗಳ (ಅಂದರೆ 16 ಕಾಲಂಗಳ) ಮಾದರಿ ಆ ವರ್ಷ ದೇಶಕ್ಕೆ ವಾಡಿಕೆಯ ಶೇ. 101 ಮಳೆ ಎಂದಿತು. ಬಿದ್ದದ್ದು ಶೇ. 81. ಜುಲೈ ತಿಂಗಳಲ್ಲಂತೂ ವಾಡಿಕೆಯ ಅರ್ಧದಷ್ಟು. ಮಾದರಿ ಕಟ್ಟಿದವರನ್ನು ಹಳಿಯುವುದು ನನಗೆ ಒಪ್ಪಿಗೆಯಿಲ್ಲ. ಸಂಬಂಧಗಳೇ ಕಾಲಕ್ಕೆ ತಕ್ಕಂತೆ ಸಡಿಲವಾಗುತ್ತವೆ. ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೊ ವರ್ಷಗಳಲ್ಲಿ ನಮ್ಮ ಮಳೆ ಸಾಮಾನ್ಯವಾಗಿ ತಗ್ಗುತ್ತದೆ, ಆದರೆ 1997ರಲ್ಲಿ ಭಾರೀ ಎಲ್ ನಿನೊ ಇದ್ದೂ ಮಳೆ ಶೇ. 102 ಆಗಿತ್ತು. ಆದರೆ ಕೆಲವೇ ಸಾಲುಗಳ ಮೇಲೆ 16 ಸೂಚಕ ಹೊರಿಸಿದರೆ ಹಿಂದಿನದಕ್ಕೆ ಚೆನ್ನಾಗಿ ಹೊಂದುತ್ತದೆ, ಮುಂದಿನದಕ್ಕೆ ಆ ಭರವಸೆ ಇರುವುದಿಲ್ಲ. 2003ರಿಂದ ಇಲಾಖೆ ಸೂಚಕಗಳನ್ನು ಕಡಿಮೆ ಮಾಡಿತು, 2007ರಿಂದ ಹಲವು ಮಾದರಿಗಳ ಸರಾಸರಿಗೆ ಬಂತು, 2021ರಿಂದ ಸಾಗರ ಮತ್ತು ವಾತಾವರಣವನ್ನು ಜೋಡಿಸಿದ ಭೌತಿಕ ಮಾದರಿಗಳನ್ನೂ ಸೇರಿಸಿಕೊಂಡಿತು.

ಕಾಲಂಗಳನ್ನು ಇಳಿಸುವ ದಾರಿಗಳು ಹಲವು. ಪಿಯರ್ಸನ್ 1901ರಲ್ಲಿ, ಹೊಟೆಲಿಂಗ್ 1933ರಲ್ಲಿ ಕೊಟ್ಟ ಪ್ರಧಾನ ಘಟಕ ವಿಧಾನ ಸಾವಿರ ಚೌಕಗಳನ್ನು ನಾಲ್ಕಾರು ವಿನ್ಯಾಸಗಳಿಗೆ ತರುತ್ತದೆ. ಆದರೆ ಸಮುದ್ರದ ಏರಿಳಿತವನ್ನು ಹೆಚ್ಚು ವಿವರಿಸುವ ವಿನ್ಯಾಸಕ್ಕೂ ನಮ್ಮ ಮಳೆಗೂ ನಂಟಿರಲೇಬೇಕೆಂದೇನಿಲ್ಲ. 1996ರ ಲಾಸೊ ಎಂಬ ವಿಧಾನ ಬೇಡದ ಕಾಲಂಗಳ ಗುಣಾಂಕಗಳನ್ನು, ಅಂದರೆ ಲೆಕ್ಕದಲ್ಲಿ ಅವುಗಳಿಗಿರುವ ತೂಕವನ್ನು, ಸೊನ್ನೆಗೇ ಇಳಿಸುತ್ತದೆ. ಯಾವುದನ್ನೇ ಬಳಸಿ, ಕಾಲಂ ಆರಿಸುವ ಕೆಲಸ ಪರೀಕ್ಷೆಗೆಂದು ಎತ್ತಿಟ್ಟ ವರ್ಷಗಳನ್ನು ನೋಡದೆ ನಡೆಯಬೇಕು. ಎಲ್ಲ ವರ್ಷ ನೋಡಿ ಆರಿಸಿ, ಆಮೇಲೆ ಪರೀಕ್ಷೆ ಮಾಡಿದರೆ ಆ ಅಂಕಕ್ಕೆ ಬೆಲೆಯಿಲ್ಲ.

ನನಗೆ ಎಲ್ಲಕ್ಕಿಂತ ಪ್ರೀತಿ ಕುಗ್ಗಿಸುವ ವಿಧಾನದ ಮೇಲೆ. ಮೂರು ಅಥವಾ ಹೆಚ್ಚು ಸರಾಸರಿಗಳನ್ನು ಒಟ್ಟಿಗೆ ಅಂದಾಜಿಸುವಾಗ, ಒಂದೊಂದನ್ನೂ ಬೇರೆಬೇರೆ ನಂಬುವುದಕ್ಕಿಂತ ಎಲ್ಲವನ್ನೂ ನಡುವಿನತ್ತ ತುಸು ಎಳೆದರೆ ಒಟ್ಟು ದೋಷ ಕಡಿಮೆ ಎಂದು ಸ್ಟೈನ್ 1956ರಲ್ಲಿ ದಾರಿ ತೋರಿದರು. 1961ರಲ್ಲಿ ಜೇಮ್ಸ್ ಜೊತೆ ಸೂತ್ರವನ್ನೇ ಕೊಟ್ಟರು. ಇಂಡಿ ತಾಲೂಕಿನ ಒಂದು ಮಳೆಮಾಪಕಕ್ಕೆ ಹದಿನೈದು ವರ್ಷದ ದಾಖಲೆಯಷ್ಟೇ ಇದ್ದರೆ, ಸಿಂದಗಿಯಿಂದ, ಗಡಿಯಾಚೆಯ ಅಕ್ಕಲಕೋಟೆಯಿಂದ ಅದು ಬಲ ಕಡ ತರುತ್ತದೆ. ದಾಖಲೆ ಬೆಳೆದಂತೆ ನೆರೆಯವರ ಮಾತು ತಾನೇ ಹಿಂದೆ ಸರಿದು ತನ್ನ ಮಾತೇ ಮುಂದಾಗುತ್ತದೆ. ಒಂದೊಂದು ಊರನ್ನೂ ಇಡೀ ಪ್ರದೇಶದ ಭಾಗವಾಗಿಟ್ಟು ಅಂದಾಜಿಸುವ ಬೇಸಿಯನ್ ಶ್ರೇಣಿ ಮಾದರಿಯ ಜೀವಾಳ ಇದು. ರಾಜ್ಯದ ಗಡಿ ಮೋಡಕ್ಕೆ ಗೊತ್ತಿಲ್ಲ, ಮಾದರಿಗೂ ಗೊತ್ತಿರಬಾರದು.

ಇಂಡಿಯ ನಮ್ಮ ಸೋದರಮಾವ ನಿಂಬೆಕಾಯಿ ಲಾರಿಯೊಂದಿಗೆ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ಬಂದಾಗ ನಮ್ಮ ಮನೆಯಲ್ಲೇ ಊಟ. "ದೇಶಕ್ಕ ತೊಂಬತ್ತೆಂಟು ಅಂದಾರ. ನನ್ನ ಹೊಲಕ್ಕ ಎಷ್ಟು?" ಎಂದರು ಒಮ್ಮೆ. ಒಂದೇ ಅಂಕಿ ಹೇಳಲು ಬರುವುದಿಲ್ಲ, ಇಷ್ಟರಿಂದ ಇಷ್ಟರ ನಡುವೆ ಅನ್ನಬಹುದು ಎಂದೆ. "ಅದು ಬ್ಯಾಡ. ಇಂಥಾ ಹತ್ತು ವರ್ಷದಾಗ ಎಷ್ಟು ವರ್ಷ ತೊಗರಿ ಕೈಕೊಡ್ತದ, ಅದನ್ನ ಹೇಳು. ಬೀಜ ನಾ ನೋಡ್ಕೋತೀನಿ."

ರೈತನಿಗೆ ಸಂಭವನೀಯತೆ ಅರ್ಥವಾಗದು ಎನ್ನುವವರ ಜೊತೆ ನಾನು ಆಫೀಸಿನಲ್ಲಿ ಜಗಳಕ್ಕೇ ನಿಲ್ಲುತ್ತೇನೆ. ಮಾವ ಕೇಳಿದ್ದು ಅದನ್ನೇ. ನಮ್ಮ ಹೊಣೆ ಎಂದರೆ, 'ಹತ್ತರಲ್ಲಿ ಮೂರು' ಎಂದ ಜಾಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ನಿಜವಾಗಿ ಹತ್ತಕ್ಕೆ ಮೂರರಷ್ಟೇ ಕೈಕೊಟ್ಟಿರಬೇಕು. ವರ್ಷದ ಕೊನೆಗೆ ಈ ತಾಳೆ ನೋಡದ ಮಾದರಿಗೆ ನಾನು ಸಹಿ ಹಾಕುವುದಿಲ್ಲ.

ಏಪ್ರಿಲ್‌ನಲ್ಲಿ ಇಲಾಖೆ ಕೊಡುವ ಮುನ್ಸೂಚನೆಯಲ್ಲಿ ಆ ಒಂದು ಶೇಕಡಾ ಅಂಕಿಯ ಜೊತೆಗೆ ಐದು ವರ್ಗಗಳ ಪಟ್ಟಿಯೂ ಇರುತ್ತದೆ: ಕೊರತೆಯಿಂದ ಅತಿವೃಷ್ಟಿಯವರೆಗೆ. ಒಂದು ಕಾಲಂನಲ್ಲಿ ಈ ವರ್ಷದ ಸಂಭವ, ಪಕ್ಕದಲ್ಲಿ ಹಿಂದಿನ ವರ್ಷಗಳ ವಾಡಿಕೆಯ ಸಂಭವ. ಪತ್ರಿಕೆಗಳು ಶೀರ್ಷಿಕೆಗೆ ಮೊದಲಿನ ಅಂಕಿಯನ್ನಷ್ಟೇ ಎತ್ತಿಕೊಳ್ಳುತ್ತವೆ. ಆ ಎರಡೂ ಕಾಲಂಗಳನ್ನು ನಮ್ಮ ಕನ್ನಡ ಪತ್ರಿಕೆಗಳು ಮುಖಪುಟದಲ್ಲೇ ಅಚ್ಚು ಹಾಕಲಿ, ನಾಲ್ಕು ಸಾಲಿನ ಜಾಗ ಸಾಕು.