ಸಿಗ್‌ಲಾಕ್ ಒಳಗೊಂದು ಪ್ರಿಂಟ್

ಗದಗ ಸೈಟ್‌ನ ಗೇಟ್‌ವೇ (ಮೀಟರ್‌ಗಳ ಡೇಟಾ ತಗೊಳ್ಳೋ ಲಿನಕ್ಸ್ ಬೋರ್ಡ್) ಮೀಟರ್ ಫ್ರೇಮ್‌ಗಳನ್ನ, ಅಂದರೆ ಡೇಟಾ ತುಣುಕುಗಳನ್ನ, ಕಳಕೊಳ್ತಿತ್ತು. ಹುಬ್ಬಳ್ಳಿ ಲ್ಯಾಬ್‌ನಲ್ಲಿ ಅದೇ ಬೋರ್ಡ್ ಹಚ್ಚಿದರೆ ಏನೂ ತೊಂದರೆ ಇಲ್ಲ. "ಕೇಬಲ್ ಬದಲಿಸ್ರಿ" ಅಂದರು ಮ್ಯಾನೇಜರ್. ಬದಲಿಸಿದೆವು. ಯುಆರ್ಟ್ (ಸೀರಿಯಲ್ ಪೋರ್ಟ್) ಓವರ್‌ರನ್ ಕೌಂಟರ್, ಅಂದರೆ ಓದೋ ಮುಂಚೆ ಜಾಗ ಸಾಲದೆ ಬೈಟ್ ಬಿದ್ದುಹೋದ ಲೆಕ್ಕ, ಏರ್ತಾನೇ ಇತ್ತು. ಯಾರೋ ಇಂಟರಪ್ಟ್ (ಡೇಟಾ ಬಂತು ಅಂತ ಹಾರ್ಡ್‌ವೇರ್ ಸಿಪಿಯುಗೆ ಕೊಡೋ ಕರೆ) ಬಂದ್ ಮಾಡಿಕೊಂಡು ಕೂತಿದ್ದಾರೆ ಅಂತಲೇ ಅರ್ಥ, ಅಲ್ವಾ?

ಇಂಟರಪ್ಟ್ ಎಲ್ಲಿ ಹೆಚ್ಚು ಹೊತ್ತು ಬಂದ್ ಇತ್ತು ಅಂತ ಹಿಡಿಯೋ ಐಆರ್‌ಕ್ಯೂಎಸ್‌ಆಫ್ ಟ್ರೇಸರ್ ಸಿಗ್ನಲ್ (ಪ್ರೊಸೆಸ್‌ಗೆ ಕರ್ನಲ್ ಮುಟ್ಟಿಸೋ ಸೂಚನೆ) ಕಳಿಸುವ ಕೋಡ್ ತೋರಿಸಿತು. ನಾನು ಸಿಗ್‌ಕ್ಯೂ ಅಲೊಕೇಶನ್ (ಸಾಲಲ್ಲಿ ಕಾಯೋ ಸಿಗ್ನಲ್‌ಗೆ ಮೆಮೊರಿ ತಗೊಳ್ಳೋದು) ಮೇಲೆ ಅನುಮಾನಪಟ್ಟು ಮಧ್ಯಾಹ್ನವೆಲ್ಲ ಅದನ್ನೇ ಕೆದಕಿದೆ. ಪಕ್ಕದ ಹುಡುಗ ಗಿರ್ಮಿಟ್ ತಿನ್ನುತ್ತಾ ಸ್ಕ್ರೀನ್ ನೋಡಿದ: "ಸರ್ರ, ಲಾಕ್ ಒಳಗ ಪ್ರಿಂಟ್ ಐತ್ರಿ."

ಇತ್ತು. ವೆಂಡರ್ ಪ್ಯಾಚ್ ಸಿಗ್‌ಲಾಕ್ (ಸಿಗ್ನಲ್ ಮಾಹಿತಿ ಕಾಯೋ, ಇಂಟರಪ್ಟ್ ಬಂದ್ ಮಾಡಿ ಹಿಡಿಯೋ ಲಾಕ್) ಹಿಡಿದುಕೊಂಡೇ ಯಾರಿಗೆ ಯಾವ ಸಿಗ್ನಲ್, ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡೋ ಫಂಕ್ಷನ್) ಯಾವುದು ಅಂತ ಬರೀತಿತ್ತು. ಸೀರಿಯಲ್ ಕನ್ಸೋಲ್ 115200 ಬಾಡ್. 80 ಅಕ್ಷರದ ಒಂದು ಸಾಲಿಗೆ ಸುಮಾರು 7 ಮಿಲಿಸೆಕೆಂಡ್. ಅಷ್ಟು ಹೊತ್ತು ಆ ಸಿಪಿಯುನಲ್ಲಿ ಇಂಟರಪ್ಟ್ ಬಂದ್. ಮೀಟರ್ ಪೋರ್ಟ್ ಕೂಡ ಅದೇ ವೇಗದ್ದು, ಅದರ 16 ಬೈಟ್ ಫಿಫೋ (ಬಂದ ಬೈಟ್ ಕೂಡಿಡೋ ಜಾಗ) ತುಂಬೋಕೆ 1.4 ಮಿಲಿಸೆಕೆಂಡ್ ಸಾಕು. ಲ್ಯಾಬ್ ಇಮೇಜ್‌ನಲ್ಲಿ ಕನ್ಸೋಲ್‌ಗೆ ಕಡಿಮೆ ಬರೆಸೋ 'ಕ್ವಯಟ್' ಇತ್ತು. ಸೈಟ್ ಇಮೇಜ್‌ನಲ್ಲಿ ಎಲ್ಲ ಮೆಸೇಜೂ ಬರೆಸೋ ಲಾಗ್‌ಲೆವೆಲ್ 8. ಹಾಕಿಸಿದ್ದು ಯಾರು ಅಂತ ಹೇಳಬೇಕಾಗಿಲ್ಲ.

ಪ್ರಿಂಟನ್ನ ಅನ್‌ಲಾಕ್ ಕೆಳಗೆ ಇಳಿಸಿದೆ. ಓವರ್‌ರನ್ ನಿಂತಿತು. ವರ್ಕರ್‌ಗಳನ್ನ ಮೇಲಿಂದ ಮೇಲೆ ಕೊಂದು ಎಬ್ಬಿಸುವ ಟೆಸ್ಟ್ ಹಚ್ಚಿ ಚಹಾಕ್ಕೆ ಹೋದೆ. ಬರುವಷ್ಟರಲ್ಲಿ ನಲ್ ಪಾಯಿಂಟರ್ ಊಪ್ಸ್ (ಖಾಲಿ ವಿಳಾಸ ಓದಿ ಕರ್ನಲ್ ಎಡವಿದ್ದು). ಲಾಕ್ ಬಿಟ್ಟಮೇಲೆ ಅದೇ ಪ್ರಿಂಟ್ ಟಾಸ್ಕ್‌ನ (ಪ್ರೊಸೆಸ್‌ನ) ಸಿಗ್‌ಹ್ಯಾಂಡ್ ಪಾಯಿಂಟರ್‌ನಿಂದ ಹ್ಯಾಂಡ್ಲರ್ ಓದ್ತಿತ್ತು. ಟಾಸ್ಕ್ ಎಗ್ಜಿಟ್ ಆಗುವಾಗ ಆ ಪಾಯಿಂಟರ್ ನಲ್ ಆಗುತ್ತೆ. ಹಾಗೆ ಮಾಡೋದೂ ಸಿಗ್‌ಲಾಕ್ ಹಿಡಿದೇ. ಲಾಕ್ ಇದ್ದಾಗ ಆ ಎಗ್ಜಿಟ್ ನಮ್ಮ ಪ್ರಿಂಟ್ ಮುಗಿಯೋವರೆಗೆ ಕಾಯ್ತಿತ್ತು, ನಾನು ಕಾವಲನ್ನೂ ಸೇರಿಸಿ ಕಿತ್ತಿದ್ದೆ.

ಆಮೇಲೆ ಹ್ಯಾಂಡ್ಲರ್ ವಿಳಾಸ, ಪಿಐಡಿ, ಹೆಸರು ಲಾಕ್ ಒಳಗೇ ಲೋಕಲ್ ವೇರಿಯಬಲ್‌ಗೆ ಕಾಪಿ ಮಾಡಿ, ಹೊರಗೆ ಬಂದು ಪ್ರಿಂಟ್ ಮಾಡಿದೆ. ಮೇನ್‌ಲೈನ್ (ಮೂಲ ಲಿನಕ್ಸ್) ಕರ್ನಲ್‌ನ ಗೆಟ್_ಸಿಗ್ನಲ್ ಫಂಕ್ಷನ್ ಕೂಡ ಫೇಟಲ್ ಸಿಗ್ನಲ್ ಮೆಸೇಜನ್ನ ಸಿಗ್‌ಲಾಕ್ ಬಿಟ್ಟಮೇಲೇ ಬರೆಯೋದು. ಮೊದಲೇ ಓದಿದ್ದರೆ ಅರ್ಧ ದಿನ ಉಳೀತಿತ್ತು.

ಇನ್ನೂ ಒಂದು ಉಳಿದಿದೆ. ಇಡೀ ಪ್ರೊಸೆಸ್ ಗ್ರೂಪ್‌ಗೆ ಕಿಲ್ ಕಳಿಸಿದಾಗ ಮೇಲೆ ಟಾಸ್ಕ್‌ಲಿಸ್ಟ್ ಲಾಕ್ (ಎಲ್ಲ ಪ್ರೊಸೆಸ್‌ಗಳ ಪಟ್ಟಿ ಕಾಯೋದು) ಇರುತ್ತೆ, ಪ್ರಿಂಟ್ ಅದರೊಳಗೇ ನಡೆಯುತ್ತೆ. ಆ ಹೊತ್ತಿಗೆ ಇನ್ನೊಂದು ಕೋರ್‌ನಲ್ಲಿ ಫೋರ್ಕ್ (ಹೊಸ ಪ್ರೊಸೆಸ್ ಹುಟ್ಟಿಸೋದು) ಬಂದರೆ ಅದು ಇಂಟರಪ್ಟ್ ಬಂದ್ ಮಾಡಿ ಕಾಯುತ್ತೆ. ಪ್ರಿಂಟನ್ನೇ ತೆಗೀತೀನಿ ಅಂದೆ. ಮ್ಯಾನೇಜರ್‌ಗೆ ಲಾಗ್ ಬೇಕಂತೆ. ಯಾರು ಓದ್ತಾರೋ ಗೊತ್ತಿಲ್ಲ. ಸದ್ಯ ಲಾಗ್‌ಲೆವೆಲ್ 4ಕ್ಕೆ ಇಳಿಸಿ ಇಮೇಜ್ ಕಳಿಸಿದ್ದೇನೆ.